ಎಲ್ ಫಾಶರ್‌ನಲ್ಲಿ ಉಳಿದವರು

(ಮೆಲ್ಬರ್ನ್‌ನ ಟ್ರುಗನಿನಾದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸುಡಾನ್ ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 2023ರ ಏಪ್ರಿಲ್‌ನಲ್ಲಿ, ಹಕ್ಕಿಪಿಕ್ಕಿ ಜನರ ಮೂಲಕ. ಶಿವಮೊಗ್ಗ, ದಾವಣಗೆರೆ, ಮೈಸೂರು ಜಿಲ್ಲೆಗಳಿಂದ ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ಅವರು, ಅಲ್ಲಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾಪಡೆಗೂ ನಡೆದ ಕಾಳಗದಲ್ಲಿ ಸಿಕ್ಕಿಬಿದ್ದರು. ಕೆಲವರು ದಾರ್ಫುರದ ಎಲ್ ಫಾಶರ್ ನಗರದಲ್ಲಿದ್ದರು. ವಿಧಾನಸಭಾ ಚುನಾವಣೆ ಎದುರಿಗಿತ್ತು. ಸಿದ್ದರಾಮಯ್ಯನವರಿಗೂ ವಿದೇಶಾಂಗ ಸಚಿವ ಜೈಶಂಕರ್ ಅವರಿಗೂ ಟ್ವಿಟರ್‌ನಲ್ಲಿ ವಾಗ್ವಾದವೇ ನಡೆಯಿತು. ‘ಆಪರೇಷನ್ ಕಾವೇರಿ’ 3,800ಕ್ಕೂ ಹೆಚ್ಚು ಜನರನ್ನು ಪಾರುಮಾಡಿತು. ಮೇ 5ಕ್ಕೆ ಕಾರ್ಯಾಚರಣೆ ಮುಗಿಯಿತು. ನಮ್ಮ ಪಾಲಿಗೆ ಸುಡಾನ್ ಕೂಡ ಅಲ್ಲಿಗೇ ಮುಗಿಯಿತು.

ಹಕ್ಕಿಪಿಕ್ಕಿಗಳು ಮರಳಿದ್ದು ನ್ಯಾಯವೇ. ಆದರೆ ಅವರಿಂದ ಎಣ್ಣೆ ಕೊಂಡವರು, ಅವರಿಗೆ ಬಾಡಿಗೆಗೆ ಮನೆ ಕೊಟ್ಟವರು ಏನಾದರು? ಅವರನ್ನು ಕರೆದೊಯ್ಯಲು ಯಾವ ಹಡಗೂ ಬರಲಿಲ್ಲ.

2024ರ ಮೇ ತಿಂಗಳಿಂದ ಆರ್‌ಎಸ್‌ಎಫ್ ಎಲ್ ಫಾಶರ್‌ಗೆ ಮುತ್ತಿಗೆ ಹಾಕಿತು. ಅದನ್ನು ನಿಲ್ಲಿಸಬೇಕೆಂದು ಜೂನ್‌ನಲ್ಲಿ ಭದ್ರತಾ ಮಂಡಳಿ ನಿರ್ಣಯ ಅಂಗೀಕರಿಸಿತು, ಕಿವಿಗೊಟ್ಟವರಿಲ್ಲ. ಆಗಸ್ಟ್‌ನಲ್ಲಿ ಸಮೀಪದ ಝಂಝಂ ಶಿಬಿರದಲ್ಲಿ ಕ್ಷಾಮ ದೃಢಪಟ್ಟಿತು. ಮರುವರ್ಷ ನಗರದ ಸುತ್ತ ಮಣ್ಣಿನ ಒಡ್ಡು ಎದ್ದಿತು. ಒಳಗಿದ್ದವರು ‘ಅಂಬಾಝ್’ ತಿಂದು ಬದುಕಿದರು. ಅಂಬಾಝ್ ಎಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿ. ನಮ್ಮ ಊರುಗಳಲ್ಲಿ ಹಸುಗಳಿಗೆ ನೆನೆಸಿ ಇಡುತ್ತಾರಲ್ಲ, ಅದೇ. ಕೊನೆಕೊನೆಗೆ ಅದೂ ದುರ್ಲಭವಾಯಿತು. 2025ರ ಅಕ್ಟೋಬರ್ 26ರಂದು ನಗರ ಆರ್‌ಎಸ್‌ಎಫ್ ವಶವಾಯಿತು. ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳೂ ಅವರ ಜೊತೆಗಿದ್ದವರೂ ಸೇರಿ 460ಕ್ಕೂ ಹೆಚ್ಚು ಜನರ ಹತ್ಯೆಯಾದ ವರದಿಗಳು ವಿಶ್ವ ಆರೋಗ್ಯ ಸಂಸ್ಥೆಯನ್ನು ತಲುಪಿದವು.

ಸೇನೆಯೂ ನಿರಪರಾಧಿಯಲ್ಲ, ಅದರ ವಿಮಾನಗಳು ದಾರ್ಫುರದ ಸಂತೆಗಳ ಮೇಲೆ ಬಾಂಬು ಸುರಿಸಿವೆ. ಇನ್ನು ಸುಡಾನಿನ ಚಿನ್ನದ ಬಹುಪಾಲು ಹೋಗುವುದು ಯುಎಇಗೆ. ಆರ್‌ಎಸ್‌ಎಫ್‌ಗೆ ಶಸ್ತ್ರ ಒದಗಿಸುತ್ತಿದೆ ಎಂಬ ಆರೋಪವನ್ನು ಆ ದೇಶ ನಿರಾಕರಿಸುತ್ತದೆ. ಊರಿಗೆ ಹೋಗುವಾಗ ದುಬೈನಲ್ಲಿ ಇಳಿದು ಬಳೆ ಕೊಳ್ಳುವ ನಮಗೆ ಇಷ್ಟಾದರೂ ತಿಳಿದಿರಬೇಕು.

1983ರಿಂದ 2005ರವರೆಗೆ ನಡೆದ ಸುಡಾನಿನ ಹಿಂದಿನ ಅಂತರ್ಯುದ್ಧದಿಂದ ಪಾರಾಗಿ ಬಂದವರು ನಮ್ಮ ಈ ಪಶ್ಚಿಮ ಮೆಲ್ಬರ್ನ್‌ನಲ್ಲೇ ನೆಲೆಸಿದ್ದಾರೆ. 2018ರಲ್ಲಿ ‘ಆಫ್ರಿಕನ್ ಗ್ಯಾಂಗ್’ ಎಂಬ ಗುಲ್ಲೆದ್ದಾಗ ಅದನ್ನು ನಂಬಿ ಹಂಚಿದವರು ನಮ್ಮವರಲ್ಲೂ ಇದ್ದರು. ಅವರ ಮಕ್ಕಳು ಯಾವುದರಿಂದ ಪಾರಾಗಿ ಬಂದವರ ಮಕ್ಕಳೆಂದು ಕೇಳಿದವರು ಕಡಿಮೆ.

ಸುಡಾನಿನೊಳಗೆ ‘ಎಮರ್ಜೆನ್ಸಿ ರೆಸ್ಪಾನ್ಸ್ ರೂಮ್ಸ್’ ಹೆಸರಿನಲ್ಲಿ ಬೀದಿಬೀದಿಯ ಯುವಜನರು ಗಂಜಿಕೇಂದ್ರಗಳನ್ನು ನಡೆಸುತ್ತಿದ್ದಾರೆ. 2025ರಲ್ಲಿ ಅಮೆರಿಕ ನೆರವು ಕಡಿತಗೊಳಿಸಿದಾಗ ಅಂಥ ನೂರಾರು ಅಡುಗೆಮನೆಗಳು ಮುಚ್ಚಿದವು. ಉಳಿದವನ್ನು ನಡೆಸುವುದರಲ್ಲಿ ಹೊರದೇಶಗಳ ಸುಡಾನಿಯರು ಕಳಿಸುವ ಹಣದ ಪಾಲು ದೊಡ್ಡದು. ಅಂಥವರೊಬ್ಬರನ್ನು ನಮ್ಮ ಮುಂದಿನ ಸಭೆಗೆ ಕರೆಯೋಣ, ರಾಜ್ಯೋತ್ಸವಕ್ಕೆ ಕೂಡಿಸಿದ ನಿಧಿಯಲ್ಲಿ ಒಂದು ಪಾಲನ್ನು ಆ ಅಡುಗೆಮನೆಗಳಿಗೆ ತೆಗೆದಿಡೋಣ ಎಂಬ ಸಲಹೆಯನ್ನು ಈ ಸಭೆಯ ಮುಂದಿಡುತ್ತಿದ್ದೇನೆ.