ಕಡಿದ ಪರಂಪರೆ ಮರಳಿ ಕೂಡಿದ ಬಗೆ
(ಶತಮಾನೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು. ಬೌದ್ಧ ಸ್ತ್ರೀಯರ ಉಪಸಂಪದೆಯ ಕುರಿತು ನಾಲ್ಕು ಮಾತುಗಳನ್ನು ಹೇಳಲು ತಮ್ಮ ಅಪ್ಪಣೆ ಬೇಡುತ್ತೇನೆ. ಉಪಸಂಪದೆಯೆಂದರೆ ಭಿಕ್ಷುಣಿಯಾಗಿ ಪೂರ್ಣ ದೀಕ್ಷೆ ಪಡೆಯುವ ವಿಧಿ.

ಬುದ್ಧನ ಸಾಕುತಾಯಿ ಮಹಾಪ್ರಜಾಪತಿ ಗೌತಮಿಯೇ ಮೊದಲ ಭಿಕ್ಷುಣಿಯೆಂದು ಬೌದ್ಧ ಗ್ರಂಥಗಳು ಹೇಳುತ್ತವೆ. ಅಶೋಕನ ಮಗಳು ಸಂಘಮಿತ್ರೆಯು ಬೋಧಿವೃಕ್ಷದ ಕೊಂಬೆಯೊಡನೆ ಈ ದೀಕ್ಷೆಯನ್ನೂ ಸಿಂಹಳಕ್ಕೆ ಒಯ್ದಳೆಂಬುದು ಅಲ್ಲಿಯ ಐತಿಹ್ಯ. ದೀಕ್ಷೆಯನ್ನು ಬಯಸುವವಳು ಎರಡು ವರ್ಷ ಆರು ಶೀಲಗಳನ್ನು ಪಾಲಿಸಬೇಕು. ಬಳಿಕ ಭಿಕ್ಷುಣಿಯರ ಸಂಘವು ಕೇಳುತ್ತದೆ: ಋಣಮುಕ್ತಳೆ? ಹಿರಿಯರ ಒಪ್ಪಿಗೆ ಉಂಟೆ? ಪಾತ್ರೆ, ಚೀವರಗಳು ಸಿದ್ಧವೆ? ಅಲ್ಲಿ ಒಪ್ಪಿಗೆಯಾದ ಮೇಲೆ ಭಿಕ್ಷುಸಂಘವೂ ಒಪ್ಪಬೇಕು. ವಿಜ್ಞಾಪನೆ ಒಂದು ಸಲ, ಘೋಷಣೆ ಮೂರು ಸಲ. ಸಭೆಯ ಮೌನವೇ ಸಮ್ಮತಿ.

ಈ ವಿಧಿಯ ಬಲವೂ ತೊಡಕೂ ಒಂದೇ. ಕೊಡುವವರಿಲ್ಲದೆ ಪಡೆಯುವವರಿಲ್ಲ. 11ನೆಯ ಶತಮಾನದ ಯುದ್ಧಗಳಲ್ಲಿ ಸಿಂಹಳದ ಸಂಘಗಳೆರಡೂ ಕ್ಷೀಣಿಸಿದವು. ಬರ್ಮಾದಿಂದ ಭಿಕ್ಷುಗಳನ್ನು ಕರೆಸಿ ಭಿಕ್ಷುಸಂಘವನ್ನು ಮತ್ತೆ ಕಟ್ಟಿದರು. ಭಿಕ್ಷುಣಿಯರ ಸಂಘ ಮಾತ್ರ ಮರಳಲಿಲ್ಲ. ವಿರಾಗಿಣಿಯರಾದ ಸ್ತ್ರೀಯರು ದಶಶೀಲಗಳನ್ನಷ್ಟೇ ಹಿಡಿದು, ಪೂರ್ಣ ದೀಕ್ಷೆಯಿಲ್ಲದೆ ಬಾಳಿದರು.

ಆದರೆ 5ನೆಯ ಶತಮಾನದಲ್ಲಿಯೇ ಸಿಂಹಳದ ಭಿಕ್ಷುಣಿಯರು ಕಡಲು ದಾಟಿ ಚೀನಾದ ಸ್ತ್ರೀಯರಿಗೆ ದೀಕ್ಷೆ ಕೊಡಲು ನೆರವಾಗಿದ್ದರು. ಆ ಪರಂಪರೆ ಪೂರ್ವದೇಶಗಳಲ್ಲಿ ಉಳಿದಿತ್ತು. 1996ರಲ್ಲಿ ಸಾರನಾಥದಲ್ಲಿ, ಕೊರಿಯಾದ ಸಂಘದ ನೆರವಿನಿಂದ, ಶ್ರೀಲಂಕಾದ ಹತ್ತು ಮಂದಿ ಸ್ತ್ರೀಯರು ಉಪಸಂಪದೆ ಪಡೆದರು. 1998ರಲ್ಲಿ ಬುದ್ಧಗಯೆಯಲ್ಲಿಯೂ, ಅದೇ ವರ್ಷ ಶ್ರೀಲಂಕಾದ ದಂಬುಲ್ಲದಲ್ಲಿಯೂ ಈ ವಿಧಿ ನಡೆಯಿತು. ಕೊಟ್ಟ ದೀಪದಿಂದಲೇ ಮನೆಯ ದೀಪವನ್ನು ಮತ್ತೆ ಹೊತ್ತಿಸಿಕೊಂಡಂತಾಯಿತು.

ಎಲ್ಲರೂ ಒಪ್ಪಿದರೆಂದು ನಾನು ಹೇಳಲಾರೆ. ಪೂರ್ವದೇಶಗಳ ವಿನಯಪಾಠವೇ ಬೇರೆ, ಅದರಿಂದ ಥೇರವಾದದ ಪರಂಪರೆ ಕೂಡದು ಎನ್ನುವ ಹಿರಿಯ ಭಿಕ್ಷುಗಳು ಇಂದಿಗೂ ಇದ್ದಾರೆ. ಸ್ತ್ರೀಯರಿಗೆ ದೀಕ್ಷೆ ಕೊಡುವಂತೆ ಭಿಕ್ಷುಗಳಿಗೆ ಬುದ್ಧನೇ ಅನುಮತಿಯಿತ್ತ ಮಾತು ವಿನಯಪಿಟಕದಲ್ಲಿದೆಯೆಂಬುದು ಪ್ರತಿವಾದ. ವಾದ ಮುಗಿಯುವವರೆಗೆ ಆ ಸ್ತ್ರೀಯರು ಕಾಯಲಿಲ್ಲ. ಭೂತಾನದಲ್ಲಿ 2022ರಲ್ಲಿ 144 ಮಂದಿ ಪೂರ್ಣ ದೀಕ್ಷೆ ಪಡೆದರು. ವಿದ್ಯೆಯ ಬಾಗಿಲೂ ತೆರೆಯಿತು: ನಮ್ಮ ಕರ್ನಾಟಕದ ಮುಂಡಗೋಡಿನಲ್ಲಿಯೇ 2016ರಲ್ಲಿ ಟಿಬೆಟಿನ ಪರಂಪರೆಯ 20 ಮಂದಿ ಸಂನ್ಯಾಸಿನಿಯರು ‘ಗೆಶೆಮಾ’ ಎಂಬ ಉನ್ನತ ವಿದ್ವತ್ ಪದವಿಯನ್ನು ಪಡೆದರು.

ಪಾಲಕ ಬಂಧುಗಳೆ, ಈ ಮಾತನ್ನು ಇಲ್ಲಿ ಎತ್ತಿದುದಕ್ಕೆ ಕಾರಣವುಂಟು. ಗಡಿಯಾಚೆಯ ಕನ್ನಡ ಶಾಲೆಯೂ ಕೊಡುವವರು, ಪಡೆಯುವವರು ಇಬ್ಬರಿಂದಲೂ ಬಾಳುತ್ತದೆ. ಒಂದು ತಲೆಮಾರು ಕನ್ನಡ ಓದದಿದ್ದರೆ, ಮುಂದಿನ ತಲೆಮಾರಿಗೆ ಕಲಿಸುವ ಗುರುಗಳು ಎಲ್ಲಿಂದ ಬರಬೇಕು? ಕಡಿದ ಎಳೆಯನ್ನು ಕೂಡಿಸಲು ಆ ಸ್ತ್ರೀಯರಿಗೆ ಸಾವಿರ ವರ್ಷಗಳೇ ಬೇಕಾದವು. ನಮ್ಮ ಎಳೆ ಇನ್ನೂ ಕಡಿದಿಲ್ಲ. ನಿಮ್ಮ ಹೆಣ್ಣುಮಕ್ಕಳನ್ನು ಈ ಶಾಲೆಗೆ ಕಳುಹಿಸಿರಿ. ಅವರಲ್ಲಿ ಕೆಲವರಾದರೂ ಇಲ್ಲಿಯೇ ಗುರುಗಳಾಗಿ ಮರಳಲಿ.