ಕಣಿವೆ ಒಂದು, ಹೊಣೆಯೂ ಒಂದಾಗಲಿ



ಬಡಾವಣೆ ಸಂಘಗಳ ಈ ಸಮಾವೇಶದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ, ನೀರಿನ ಕಾನೂನಿನ ಮಾತನ್ನು ಆಡುವುದಕ್ಕೆ ಕಾರಣವಿದೆ. ಇಲ್ಲಿ ಸುರಿದ ಮಳೆ, ನಾವು ಬಳಸಿ ಬಿಟ್ಟ ನೀರು, ಎರಡೂ ಇಳಿಯುವುದು ವೃಷಭಾವತಿಯ ಕಣಿವೆಗೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆಂದು ಜನ ನಂಬಿರುವ ಈ ಹೊಳೆ ಮೈಸೂರು ರಸ್ತೆ, ಕೆಂಗೇರಿ ಹಾದು, ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬೀಳುತ್ತದೆ. ಅರ್ಕಾವತಿಯನ್ನು ಕೂಡಿ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪ್ ಮಾಡಿಸಿಕೊಂಡು ಕುಡಿಯುವ ನಾವು, ನಮ್ಮ ಹೊಲಸನ್ನು ಅದೇ ಕಾವೇರಿಗೆ ಕಳಿಸಿಕೊಡುತ್ತಿದ್ದೇವೆ. ನಡುವೆ ಅದನ್ನು ಉಣ್ಣುವವರು ಬೈರಮಂಗಲದ ರೈತರು.

ಇದಕ್ಕೆ ಕಾನೂನಿನ ಕೊರತೆ ಕಾರಣವಲ್ಲ. ಮಳೆನೀರಿನ ರಾಜಕಾಲುವೆ ಪಾಲಿಕೆಯದು. ಒಳಚರಂಡಿ 1964ರ ಕಾಯ್ದೆಯಡಿ ಜಲಮಂಡಳಿಯದು. ನೀರಿನ ಪರೀಕ್ಷೆ, ನೋಟಿಸು 1974ರ ಜಲಮಾಲಿನ್ಯ ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯದು. ಒತ್ತುವರಿಯ ಸರ್ವೆ ಕಂದಾಯ ಇಲಾಖೆಯದು. 2025ರ ಸೆಪ್ಟೆಂಬರ್‌ನಿಂದ ನಗರಕ್ಕೆ ಐದು ಪಾಲಿಕೆಗಳು ಬಂದಿವೆ. ನಗರ ದಾಟಿದರೆ ಜಿಲ್ಲೆಯೇ ಬೇರೆ. ಎಲ್ಲರಿಗೂ ಒಂದೊಂದು ತುಂಡು ಹೊಣೆ ಇದೆ, ಇಡೀ ಹೊಳೆಯ ಹೊಣೆ ಯಾರಿಗೂ ಇಲ್ಲ.

ಈ ತುಂಡು ಹೊಣೆಯ ಫಲ ನಮ್ಮ ಕ್ರಾಸುಗಳಲ್ಲೇ ಕಾಣುತ್ತದೆ. 30×40 ಸೈಟಿನ ಅದೆಷ್ಟೋ ಮನೆಗಳಲ್ಲಿ ತಾರಸಿಯ ಮಳೆನೀರಿನ ಪೈಪನ್ನು ಒಳಚರಂಡಿಯ ಚೇಂಬರಿಗೇ ಸೇರಿಸಲಾಗಿದೆ. ಜೋರು ಮಳೆ ಬಂದರೆ ಆ ಲೈನು ತಡೆಯುವುದಿಲ್ಲ. ಇಳಿಜಾರಿನ ಕೊನೆಯ ಕ್ರಾಸಿನಲ್ಲಿ ಮ್ಯಾನ್‌ಹೋಲ್ ಮುಚ್ಚಳ ಎದ್ದು, ಹೊಲಸು ಗೇಟು ದಾಟಿ ಸಂಪಿಗೆ ಇಳಿಯುತ್ತದೆ. ಇನ್ನು ಕೆಲವೆಡೆ ಕಟ್ಟಿಕೊಂಡ ಒಳಚರಂಡಿಯನ್ನು ರಾಜಕಾಲುವೆಗೆ ಒಡೆದು ಬಿಟ್ಟಿರುತ್ತಾರೆ. ಅಲ್ಲಿ ವರ್ಷವಿಡೀ ಹೂಳು ಕಟ್ಟುತ್ತದೆ, ಮಳೆಗಾಲಕ್ಕೆ ಕಾಲುವೆಯಲ್ಲಿ ಜಾಗವೇ ಉಳಿಯುವುದಿಲ್ಲ. ಮೈಸೂರು ರಸ್ತೆ ಹೊಳೆಯಾಗಿ, ಗಾಳಿ ಆಂಜನೇಯನ ಗುಡಿಯೊಳಕ್ಕೆ ನೀರು ನುಗ್ಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಬೇಸಿಗೆಯಲ್ಲಿ ಮಾಲಿನ್ಯ, ಮಳೆಗಾಲದಲ್ಲಿ ಪ್ರವಾಹ. ಎರಡಕ್ಕೂ ಮೂಲ ಒಂದೇ. ಎರಡು ಕಡತಗಳಲ್ಲಿ ಇಟ್ಟುಕೊಂಡು ಅದನ್ನು ಬಗೆಹರಿಸಲಾಗದು.

ಕೆರೆ, ಕಾಲುವೆಗಳ ಪಕ್ಕ ಕಟ್ಟಡವಿಲ್ಲದೆ ಬಿಡಬೇಕಾದ ಬಫರ್ ಜಾಗದ ಕಥೆಯೂ ಹೀಗೇ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗಳ ಸುತ್ತ 75 ಮೀಟರ್ ಬಿಡಬೇಕೆಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಮಾಸ್ಟರ್ ಪ್ಲಾನಿನ 30 ಮೀಟರ್ ಮತ್ತೆ ಊರ್ಜಿತವಾಯಿತು. ಅಳತೆಯ ವಾದ ಕೋರ್ಟಿನಲ್ಲಿ ನಡೆಯಲಿ. ಆದರೆ ನೆಲದ ಮೇಲೆ ಗಡಿಕಲ್ಲೇ ಇಲ್ಲದಿದ್ದರೆ 75 ಆದರೇನು, 30 ಆದರೇನು?

ಆದ್ದರಿಂದ ನಾಲ್ಕು ನಿರ್ಣಯಗಳನ್ನು ಸಭೆಯ ಮುಂದಿಡುತ್ತೇನೆ. ಮೊದಲನೆಯದು, ಬಸವನಗುಡಿಯಿಂದ ಸಂಗಮದವರೆಗೆ ವೃಷಭಾವತಿ ಕಣಿವೆಗೆ ಶಾಸನದ ಬಲವಿರುವ ಒಂದೇ ಪ್ರಾಧಿಕಾರ. ಯುರೋಪ್ ಒಕ್ಕೂಟ 2000ದಲ್ಲೇ ನದಿ ಕಣಿವೆಯನ್ನು ಆಡಳಿತದ ಘಟಕವಾಗಿಸಿತು, ನಮಗೇಕೆ ಆಗದು? ಎರಡನೆಯದು, ಕಾಲುವೆಗಳು ಹೊಳೆ ಸೇರುವ ಪ್ರತಿ ಜಾಗದಲ್ಲೂ ನೀರಿನ ಪರೀಕ್ಷೆ. ಅದರ ವರದಿ ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟವಾಗಬೇಕು, ಸಂಸ್ಕರಿಸದ ನೀರು ಬಿಟ್ಟವರು ಸರ್ಕಾರಿ ಸಂಸ್ಥೆಯಾದರೂ ದಂಡ ತೆರಬೇಕು. ಮೂರನೆಯದು, 2009ರಲ್ಲಿ ಕಡ್ಡಾಯವಾದ ಮಳೆನೀರು ಕೊಯ್ಲನ್ನು ನೀರಿನ ಬಿಲ್ಲಿನ ದಂಡಕ್ಕೆ ಇಳಿಸದೆ, ಮನೆಮನೆಯ ಪೈಪುಗಳನ್ನು ಬೇರ್ಪಡಿಸುವ ಕೆಲಸವಾಗಿಸುವುದು. ನಾಲ್ಕನೆಯದು, ಗಡಿಕಲ್ಲು ನೆಡದೆ ಕಾಲುವೆ ಪಕ್ಕದ ಯಾವ ನಕ್ಷೆಗೂ ಮಂಜೂರಾತಿ ಕೊಡಬಾರದು. ಒತ್ತುವರಿ ತೆರವು ಮಾಡುವಾಗ ಬಡವರಿಗೆ ಮೊದಲು ಸೂರು, ಆಮೇಲೆ ಜೆಸಿಬಿ.

ಮೂರನೆಯ ನಿರ್ಣಯಕ್ಕೆ ಸರ್ಕಾರದ ಆದೇಶವನ್ನು ಕಾಯಬೇಕಾಗಿಲ್ಲ. ಇಲ್ಲಿರುವ ಪ್ರತಿ ಸಂಘವೂ ಮುಂಗಾರಿಗೆ ಮೊದಲು ತನ್ನ ಬಡಾವಣೆಯ ತಾರಸಿ ಪೈಪುಗಳು ಎಲ್ಲಿ ಸೇರುತ್ತವೆಂದು ಪಟ್ಟಿ ಮಾಡಲಿ, ತಪ್ಪಿದ್ದಲ್ಲಿ ಸರಿಪಡಿಸಲಿ. ಆ ಪಟ್ಟಿ ಹಿಡಿದು ವಿಧಾನಸೌಧಕ್ಕೆ ಹೋದರೆ ನಮ್ಮ ಮಾತಿಗೆ ತೂಕವಿರುತ್ತದೆ.