ಬಿಸಿಲಿಗೆ ಬಡ್ಡಿ ಇಲ್ಲ
(ರಾಜರಾಜೇಶ್ವರಿನಗರದಲ್ಲಿ ಆಡಿದ ಮಾತು)



ಈ ಪುಟ್ಟ ಸೌರದೀಪ ನಾನೇ ಹವ್ಯಾಸಕ್ಕೆ ಕಟ್ಟಿದ್ದು. ಬಿಡಿಭಾಗ ಬೆಂಗಳೂರಿನ ಎಸ್.ಪಿ. ರಸ್ತೆಯವು. ಆಟದ ಸಾಮಾನು ಅನ್ನಬೇಡಿ, ಇದರಲ್ಲಿ ಲೆಕ್ಕವಿದೆ.

ಒಂದು ಸೌರಕೋಶ ಬಿಸಿಲಲ್ಲಿ ಕೊಡೋದು ಸುಮಾರು ಅರ್ಧ ವೋಲ್ಟ್. ಕೋಶ ದೊಡ್ಡದಾದರೆ ಕರೆಂಟು ಹೆಚ್ಚುತ್ತೆ, ವೋಲ್ಟ್ ಹೆಚ್ಚೋಲ್ಲ. 36 ಕೋಶ ಒಂದರ ಹಿಂದೊಂದು ಜೋಡಿಸಿದರೆ 18 ವೋಲ್ಟ್. 12 ವೋಲ್ಟಿನ ಬ್ಯಾಟರಿ ತುಂಬೋಕೆ ಅಷ್ಟು ಬೇಕು. ನೀರು ಮೇಲಿಂದ ಕೆಳಕ್ಕೆ ತಾನೇ ಹರಿಯೋದು? ಒಂದು ಕೋಶದ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಉಳಿದವು ಸೊರಗುತ್ತವೆ. ಒಂದು ಎತ್ತು ನಿಂತರೆ ಗಾಡಿಯೇ ನಿಲ್ಲುತ್ತಲ್ಲ, ಹಾಗೆ.

ಮೊದಮೊದಲು ನನ್ನ ದೀಪ ನಡುರಾತ್ರಿಗೇ ಆರುತ್ತಿತ್ತು. "ಬ್ಯಾಟರಿ ಸತ್ತಿದೆ, ಹೊಸದು ತಗೊಳ್ಳಿ" ಅಂದ ಅಂಗಡಿಯವನು. ತಗೊಂಡೆ. ಅದೂ ಆರಿತು. ಮೀಟರ್ ಹಿಡಿದು ನೋಡಿದರೆ, ಕತ್ತಲಾದ ಮೇಲೆ ಕರೆಂಟು ಬ್ಯಾಟರಿಯಿಂದ ಪ್ಯಾನಲಿಗೇ ವಾಪಸು ಸೋರುತ್ತಿತ್ತು! ಕೆಲವೇ ರೂಪಾಯಿಯ ಒಂದು ಡಯೋಡ್ ಹಾಕಿದೆ, ಸೋರಿಕೆ ನಿಂತಿತು.

ಬಿಸಿಲಿಗೆ ಬಡ್ಡಿ ಇಲ್ಲ. ಪ್ಯಾನಲಿಗೆ ಮಾಡಿದ ಸಾಲಕ್ಕೆ ಇದೆ. ಪಂಪ್‌ಸೆಟ್ಟಿಗೆ ಸೌರಫಲಕ ಅಂತ ಸಾಲದ ಕಾಗದಕ್ಕೆ ಸಹಿ ಹಾಕೋ ಮುಂಚೆ ಊರಿಗೊಂದು ಮೀಟರ್ ಕೊಳ್ಳಿ, ಮಕ್ಕಳಿಗೆ ಅಳೆಯೋದು ಕಲಿಸಿ. ತೂಕ ಬಲ್ಲವನಿಗೆ ತಕ್ಕಡಿಯಲ್ಲಿ ಮೋಸ ಮಾಡೋದು ಸುಲಭವಲ್ಲ.